ಎರಡು ರೈಲು ನಿಂತ ಮಧ್ಯಾಹ್ನ

ಕಡಲ ಅಂಚಿನಲ್ಲೇ ಎರಡು ಹಗಲು ಒಂದು ರಾತ್ರಿ ಓಡುವ ಆ ರೈಲಿಗೆ ಆತುರ ಎಂಬುದೇ ಗೊತ್ತಿಲ್ಲ. ಇಡೀ ದಾರಿಗೆ ಇರುವುದು ಒಂದೇ ಹಳಿ. ಎದುರಿನಿಂದ ಇನ್ನೊಂದು ರೈಲು ಬಂದರೆ ಯಾವುದಾದರೂ ಸ್ಟೇಷನ್ನಿನಲ್ಲಿ ಪಕ್ಕದ ಹಳಿಗೆ ಸರಿದು ನಿಂತು ದಾರಿ ಬಿಡಬೇಕು. ಹೀಗೆ ಎರಡು ರೈಲು ಒಂದನ್ನೊಂದು ದಾಟುವುದಕ್ಕೆ ರೈಲಿನವರು ಕ್ರಾಸಿಂಗ್ ಅನ್ನುತ್ತಾರೆ. ಉತ್ತರಕ್ಕೆ ಹೋಗುವುದೂ ದಕ್ಷಿಣಕ್ಕೆ ಬರುವುದೂ ದಿನಾ ಮಧ್ಯಾಹ್ನ ಒಂದೂ ಹತ್ತಕ್ಕೆ ಒಂದು ಪುಟ್ಟ ಸ್ಟೇಷನ್ನಿನಲ್ಲಿ ಸೇರುತ್ತವೆ. ಒಂದೇ ಪ್ಲಾಟ್‌ಫಾರ್ಮು, ಅದರ ಎರಡೂ ಮಗ್ಗುಲಿಗೆ ಒಂದೊಂದು ರೈಲು. ಒಂದು ಗಡಿಯಾರ, ಒಂದು ಬೆಂಚು, ಒಬ್ಬ ಸ್ಟೇಷನ್ ಮಾಸ್ಟರ್. ಹಳಿ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಮರಳು, ಮರಳು ಮುಗಿದರೆ ನೀರು. ಅಲ್ಲಿ ಹತ್ತುವವರು ಇಳಿಯುವವರು ಯಾರೂ ಇಲ್ಲ. ಹೆಚ್ಚಿನ ಪ್ರಯಾಣಿಕರು ಉಂಡು ಮಲಗಿರುತ್ತಾರೆ, ಕಿಟಕಿಗೆ ಒರಗಿ ಕಣ್ಣು ಬಿಟ್ಟವರಿಗೆ ತಾವು ನಿಂತಿದ್ದೇವೋ ತೇಲುತ್ತಿದ್ದೇವೋ ಎಂದು ಒಂದು ಗಳಿಗೆ ತಿಳಿಯುವುದಿಲ್ಲ.

ನಿಲ್ಲುವುದು ನಾಲ್ಕೇ ನಿಮಿಷ. ಆ ನಾಲ್ಕು ನಿಮಿಷಕ್ಕಾಗಿ ವಾರವಿಡೀ ಕಾಯುವ ಒಬ್ಬ ಹೆಂಗಸಿನ ಕಥೆ ಇದು.

ಉತ್ತರದ ರೈಲಿನ ಮಲಗುವ ಬೋಗಿಯಲ್ಲಿ ಚಾದರ, ದಿಂಬು, ಹೊದಿಕೆ ಕೊಡುವುದು ಅವಳ ಕೆಲಸ. ಪ್ರಯಾಣಿಕರೆಲ್ಲ ಹಾಸಿಗೆಯಕ್ಕ ಅನ್ನುತ್ತಾರೆ. ಅರುವತ್ನಾಲ್ಕು ಮಂದಿಗೆ ಹಾಸಿಕೊಡುವುದು, ಇಳಿಯುವ ಊರು ಬಂದಾಗ ಕಾಲ ಹೆಬ್ಬೆರಳು ಮುಟ್ಟಿ ಎಬ್ಬಿಸುವುದು, ಖಾಲಿಯಾದ ಹಾಸಿಗೆಯ ಚಾದರ ಎಳೆದು ಮಡಚುವುದು. ವಯಸ್ಸು ನಲವತ್ತೊಂದು. ಮಾತು ಕಡಿಮೆ. ಕಡಿಮೆ ಅಂದರೆ ಎಷ್ಟು ಕಡಿಮೆ ಅಂತೀರಿ, ಹತ್ತೊಂಬತ್ತು ವರ್ಷ ಜೊತೆಗೆ ದುಡಿದ ಟಿಕೆಟ್ ತಪಾಸಣೆಯವನು ಅವಳ ಬಾಯಲ್ಲಿ ಪೂರ್ತಿ ವಾಕ್ಯ ಕೇಳಿದ್ದು ನಾಲ್ಕೈದು ಸಲ, ಅದರಲ್ಲಿ ಎರಡು ಸಲ ಅವನಿಗೆ ಬೈದಿದ್ದು.

ಅವಳಿಗೆ ಒಮ್ಮೆ ಮದುವೆಯಾಗಿತ್ತು. ಹನ್ನೊಂದು ತಿಂಗಳು ನಡೆಯಿತು. ಗಂಡ ಕೆಟ್ಟವನಲ್ಲ, ಕುಡಿಯಲಿಲ್ಲ, ಹೊಡೆಯಲಿಲ್ಲ. ಒಂದು ಸಂಜೆ ಚೀಲ ತುಂಬಿಕೊಂಡು ಬಾಗಿಲಲ್ಲಿ ನಿಂತು, "ನಿನ್ನ ಜೊತೆ ಇದ್ರೆ ಮನೇಲಿ ಯಾರೂ ಇಲ್ಲದ ಹಾಗಿರುತ್ತೆ ಕಣೇ," ಅಂದು ಹೊರಟುಹೋದ. ಸಿಟ್ಟಿನಲ್ಲಿ ಆಡಿದ ಮಾತಾಗಿದ್ದರೆ ಅವಳು ಮರೆತೇಬಿಡುತ್ತಿದ್ದಳು. ಪಾಪ, ಅವನು ಅತ್ತುಕೊಂಡು ಹೇಳಿದ್ದ. ಅದು ಒಳಗೆ ಕೂತುಬಿಟ್ಟಿತು. ಅವತ್ತಿನಿಂದ ಅವಳು ರಜೆಯ ದಿನಗಳಲ್ಲಿ ಅಣ್ಣನ ಮನೆಯಲ್ಲಿ ಇರುತ್ತಾಳೆ. ಅತ್ತಿಗೆ ಒಳ್ಳೆಯವಳು, ಇವಳ ಪಾಲಿನ ಮಾತನ್ನೂ ತಾನೇ ಆಡಿಬಿಡುತ್ತಾಳೆ.

ದಕ್ಷಿಣದ ರೈಲಿನ ಅಡುಗೆ ಬೋಗಿಯಲ್ಲಿ ಒಬ್ಬ ಅಡುಗೆಯವನಿದ್ದ. ಒಂಟಿ ಜೀವ. ತಾಯಿ ಇರುವತನಕ ಅವಳ ಆರೈಕೆಯಲ್ಲಿ ವರ್ಷ ಕಳೆದವು, ಆಮೇಲೆ ನೋಡಿಕೊಂಡರೆ ತಲೆಯಲ್ಲಿ ಅರ್ಧ ಕೂದಲು ಬಿಳಿ. ಆರು ವರ್ಷದ ಹಿಂದೆ ಒಂದು ಕ್ರಾಸಿಂಗಿನಲ್ಲಿ ಹಾಸಿಗೆಯಕ್ಕ ಫ್ಲಾಸ್ಕು ಹಿಡಿದು ಅವನ ಕಿಟಕಿಗೆ ಬಂದಿದ್ದಳು. ಅವಳ ಬೋಗಿಯಲ್ಲೊಬ್ಬ ಬಾಣಂತಿಗೆ ಬಿಸಿನೀರು ಬೇಕಿತ್ತು, ಅವಳ ರೈಲಿನ ಅಡುಗೆ ಬೋಗಿಯನ್ನು ಆಗಷ್ಟೇ ಕಳಚಿ ಹಾಕಿದ್ದರು. ಅವನು ನೀರು ತುಂಬಿಸಿಕೊಟ್ಟು, ಕೇಳದೆ ಒಂದು ಬನ್ನೂ ಕೊಟ್ಟ. ಮುಂದಿನ ವಾರ ಅವಳು ಬರೀ ಫ್ಲಾಸ್ಕು ಹಿಡಿದು ಬಂದಳು. ಬಾಣಂತಿ ಇರಲಿಲ್ಲ. ಅವನು ಬಾಣಂತಿಯ ಸುದ್ದಿ ಎತ್ತಲಿಲ್ಲ, ನೀರು ತುಂಬಿಸಿಕೊಟ್ಟ. ಇಬ್ಬರ ಪಾಳಿಯೂ ಒಂದೇ ದಿನ ಬೀಳುವುದು ವಾರಕ್ಕೊಮ್ಮೆ. ಹಾಗೆ ಶುರುವಾಯಿತು.

ನಾಲ್ಕು ನಿಮಿಷವನ್ನು ಬಳಸುವುದಕ್ಕೂ ಒಂದು ಕ್ರಮ ಬೆಳೆದುಬಿಟ್ಟಿತು. ಮೊದಲ ನಿಮಿಷ ಸುಮ್ಮನೆ ಮುಖ ನೋಡುವುದು, ಫ್ಲಾಸ್ಕು ಕೈ ಬದಲಾಯಿಸುವುದು. ಎರಡನೆಯದು ಅವನದು. ಮೂರನೆಯದು ಅವಳದು. ಆಮೇಲೆ ಗಾರ್ಡು ಮೊದಲ ಸೀಟಿ ಊದುತ್ತಾನೆ, ಒಂದು ನಿಮಿಷ ಬಿಟ್ಟು ಎರಡನೆಯದು ಊದಿದರೆ ರೈಲು ಹೊರಟಿತು ಅಂತ. ನಿಜವಾದ ಮಾತುಗಳೆಲ್ಲ ಆ ಎರಡು ಸೀಟಿಯ ನಡುವೆಯೇ ಹೊರಬರುತ್ತಿದ್ದವು. "ಅಮ್ಮ ಹೋದರು" ಎಂದು ಅವನು ಹೇಳಿದ್ದು ಮೊದಲ ಸೀಟಿಯ ಮೇಲೆ. ತನ್ನ ಹನ್ನೊಂದು ತಿಂಗಳ ಸಂಸಾರದ ಕಥೆಯನ್ನು ಅವಳು ಹೇಳಿದ್ದೂ ಆಗಲೇ, ಒಂದು ವಾರಕ್ಕೆ ಒಂದು ತುಣುಕಿನಂತೆ, ಪೂರ್ತಿ ಒಂದು ಮಳೆಗಾಲ. ಸೀಟಿ ಊದಿದ ಮೇಲೆ ಅವಳಿಗೂ ಮಾತು ಬರುತ್ತಿತ್ತು, ಅದನ್ನು ನೋಡಿ ಅವಳಿಗೇ ಆಶ್ಚರ್ಯ. ಫೋನು ಇಲ್ಲವೇ ಅಂದರೆ, ಇದೆ. ಒಮ್ಮೆ ಮಾಡಿದ್ದರು. ಇಬ್ಬರೂ ಹಲೋ ಅಂದು, ಆ ಕಡೆಯ ರೈಲಿನ ಗಡಗಡವನ್ನು ಈ ಕಡೆಯಿಂದಲೂ ಈ ಕಡೆಯದನ್ನು ಆ ಕಡೆಯಿಂದಲೂ ಹತ್ತು ನಿಮಿಷ ಕೇಳಿ ಇಟ್ಟುಬಿಟ್ಟರು. ಮತ್ತೆ ಆ ಸಾಹಸಕ್ಕೆ ಹೋಗಲಿಲ್ಲ.

ಈಗ ಸಂಕಟ ಬಂದಿರುವುದು ಎರಡನೇ ಹಳಿಯಿಂದ. ಕಡಲಗುಂಟ ಹೊಸ ಹಳಿ ಹಾಕುತ್ತಿದ್ದಾರೆ. ಬರುವ ತಿಂಗಳಿಂದ ಯಾವ ರೈಲೂ ಯಾವ ರೈಲಿಗೂ ಕಾಯಬೇಕಾಗಿಲ್ಲ, ಕ್ರಾಸಿಂಗೇ ಇಲ್ಲ. ಎರಡೂ ಪಕ್ಕಪಕ್ಕದಲ್ಲಿ ರೊಯ್ಯನೆ ಹಾದುಹೋಗುತ್ತವೆ. ಕಳೆದ ವಾರ ಮೊದಲ ಸೀಟಿ ಆದ ಮೇಲೆ ಅಡುಗೆಯವನು ಕೈ ಒರೆಸಿಕೊಂಡು ಕೇಳಿದ್ದ: "ಗಂಡ ಹೆಂಡತಿ ಆದ್ರೆ ಒಂದೇ ರೈಲಿಗೆ ಹಾಕ್ತಾರೆ. ನಮ್ಮ ಕಚೇರಿಗೆ ನಾನು ಅರ್ಜಿ ಕೊಡ್ತೀನಿ, ನಿಮ್ಮ ಕಚೇರಿಗೆ ನೀವು ಕೊಡಿ. ನಮ್ಮ ಮುಂದಿನ ಕ್ರಾಸಿಂಗಿನ ಮಾರನೇ ದಿನವೇ ಅರ್ಜಿಗೆ ಕೊನೇ ದಿನ. ಯೋಚನೆ ಮಾಡಿ. ಮುಂದಿನ ವಾರ ಹೇಳಿ."

ಅವಳು ಏಳು ದಿನ ಯೋಚನೆ ಮಾಡಿದಳು. ಆರು ವರ್ಷದ ನಾಲ್ಕು ನಾಲ್ಕು ನಿಮಿಷ ಕೂಡಿಸಿ, ರಜೆಗಳನ್ನು ಕಳೆದರೆ ಇಪ್ಪತ್ತು ಗಂಟೆಯೂ ಆಗಲಿಲ್ಲ. ಇಷ್ಟು ವರ್ಷದಲ್ಲಿ ಅವನ ಜೊತೆ ಒಂದು ಪೂರ್ತಿ ದಿನ ಕಳೆದಿಲ್ಲ. ನಾಲ್ಕು ನಿಮಿಷಕ್ಕಾದರೆ ತಾನು ಒಳ್ಳೆಯವಳೇ, ಅದರಲ್ಲಿ ಅವಳಿಗೆ ಅನುಮಾನವಿಲ್ಲ. ಹಗಲು ರಾತ್ರಿ ಒಂದೇ ರೈಲಿನಲ್ಲಿ, ರಜೆಯಲ್ಲಿ ಒಂದೇ ಮನೆಯಲ್ಲಿ? ಅವನೂ ಒಂದು ಸಂಜೆ ಚೀಲ ತುಂಬಿಕೊಂಡು ಬಾಗಿಲಲ್ಲಿ ನಿಂತರೆ? ಎರಡನೇ ಸಲ ಆ ಮಾತು ಕೇಳುವ ಶಕ್ತಿ ಅವಳಲ್ಲಿರಲಿಲ್ಲ. ಅದಕ್ಕಿಂತ ಆರು ವರ್ಷದ ಈ ಚೂರುಪಾರು ಸುಖವನ್ನೇ ಕಟ್ಟಿಟ್ಟುಕೊಂಡು ಬದುಕಬಹುದು. ಬೇಡ ಅನ್ನುವುದೆಂದು ತೀರ್ಮಾನಿಸಿದಳು. ಅವನ ಮನಸ್ಸು ನೋಯದ ಹಾಗೆ ಹೇಗೆ ಹೇಳುವುದೆಂದು ಚಾದರ ಮಡಚುತ್ತ ಮಡಚುತ್ತ ಕಂಠಪಾಠ ಮಾಡಿಕೊಂಡಳು. ಒಂದು ನಿಮಿಷಕ್ಕೆ ಸರಿಯಾಗಿ ಮುಗಿಯುವಂತೆ.

ಆ ದಿನ ರೈಲು ಒಂದೂ ಹತ್ತಕ್ಕೆ ನಿಂತಿತು. ಎದುರಿನದೂ ಬಂದು ನಿಂತಿತು. ಅವಳ ಬೋಗಿಗಿಂತ ಮೂರು ಬೋಗಿ ಮುಂದೆ, ಪ್ಲಾಟ್‌ಫಾರ್ಮಿನ ಆಚೆ ಮಗ್ಗುಲಿಗೆ ಅವನ ಅಡುಗೆ ಬೋಗಿಯ ಕಿಟಕಿ. ಅವಳು ಫ್ಲಾಸ್ಕು ಹಿಡಿದು ನಡೆದಳು. ಅವನು ಇವತ್ತು ಕಿಟಕಿಯಲ್ಲಿರಲಿಲ್ಲ, ಇಳಿದು ಮೆಟ್ಟಿಲ ಬಳಿ ನಿಂತಿದ್ದ. ತಲೆ ಬಾಚಿದ್ದ.

ಒಂದು ನಿಮಿಷ ಮುಖ ನೋಡಿದರು. ಅವನು ತನ್ನ ಸುದ್ದಿ ಹೇಳಿದ: ಒಲೆಯ ಒಂದು ಉರಿ ಹತ್ತುತ್ತಿಲ್ಲ, ಸಹಾಯಕ್ಕೆ ಬಂದವನು ಬರೀ ನಿದ್ದೆಬುರುಕ. ಅವಳು ತನ್ನದು ಹೇಳಿದಳು: ಅತ್ತಿಗೆಗೆ ಮಂಡಿನೋವು. ಆಮೇಲೆ ಇಬ್ಬರೂ ಸೀಟಿಗೆ ಕಾದರು.

ಸೀಟಿ ಬರಲಿಲ್ಲ. ಬಂದವನು ಸ್ಟೇಷನ್ ಮಾಸ್ಟರ್. ಟೋಪಿ ಕಂಕುಳಲ್ಲಿ ಇಟ್ಟುಕೊಂಡು ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದು ಎಲ್ಲರಿಗೂ ಒಂದೇ ಮಾತು ಹೇಳಿದ: "ಹೊಸ ಹಳಿಗೆ ನೆಲ ಅಗೆಯೋ ಯಂತ್ರ ನಮ್ಮ ಕೇಬಲ್ಲನ್ನೇ ಕತ್ತರಿಸಿ ಹಾಕಿದೆ. ಆ ಕಡೆ ಸಿಗ್ನಲ್ಲೂ ಇಲ್ಲ, ಈ ಕಡೆದೂ ಇಲ್ಲ. ಜೋಡಿಸೋವರೆಗೆ ಎರಡು ಗಾಡಿನೂ ಬಿಡೋ ಹಾಗಿಲ್ಲ. ಎರಡು ಗಂಟೆ ಆಗುತ್ತೋ ನಾಲ್ಕು ಗಂಟೆ ಆಗುತ್ತೋ, ನನ್ನ ಕೇಳಬೇಡಿ."

ಐದನೇ ನಿಮಿಷ ಶುರುವಾಯಿತು. ಆರು ವರ್ಷದಲ್ಲಿ ಅವರಿಗೆ ಐದನೇ ನಿಮಿಷ ಸಿಕ್ಕಿದ್ದು ಅದೇ ಮೊದಲು. ಅವಳು ಗಡಿಯಾರ ನೋಡಿದಳು. ಅವನೂ ನೋಡಿದ.

"ಹಾಗಾದ್ರೆ..." ಅಂದ ಅವನು.

"ಹೂಂ," ಅಂದಳು.

ಎರಡೂ ರೈಲಿನ ಮಂದಿ ಒಬ್ಬೊಬ್ಬರಾಗಿ ಇಳಿಯತೊಡಗಿದರು. ನಿದ್ದೆಗಣ್ಣಿನಲ್ಲೇ ಹಳಿ ದಾಟಿ ಮರಳಿಗೆ ನಡೆದರು. ಮೆಲ್ಲಗೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಉತ್ತರಕ್ಕೆ ಹೊರಟವರೂ ದಕ್ಷಿಣಕ್ಕೆ ಹೊರಟವರೂ ಒಂದೇ ನೀರಿನಲ್ಲಿ ಕಾಲು ಇಳಿಬಿಟ್ಟರು. ಒಬ್ಬ ಕಚೇರಿಯ ಸಾಹೇಬ ಪ್ಯಾಂಟು ಮಂಡಿಯವರೆಗೆ ಸುತ್ತಿಕೊಂಡು, ಫೈಲನ್ನು ತಲೆಯ ಮೇಲೆ ನೆರಳಿಗೆ ಹಿಡಿದು ನಿಂತಿದ್ದ. ಬಿಸಿಲು ಹಾಲಿನ ಕೆನೆಯಂತೆ ಮಂದವಾಗಿತ್ತು, ಅಲೆಗಳಿಗೂ ತೂಕಡಿಕೆ ಬಂದಿತ್ತು. ಖಾಲಿ ಬೋಗಿಗಳ ಕಿಟಕಿಯಿಂದ ಕಿಟಕಿಗೆ ಕಡಲು ಕಾಣುತ್ತಿತ್ತು. ಯಾರಿಗೂ ಎಲ್ಲಿಗೂ ಹೋಗಬೇಕಾಗಿಲ್ಲ ಅನ್ನುವ ಹಾಗೆ, ಇವರೆಲ್ಲ ಹುಟ್ಟಿದಾಗಿನಿಂದ ಇದೇ ಊರಿನವರು ಅನ್ನುವ ಹಾಗೆ ಇತ್ತು ಆ ನೋಟ. ಅಷ್ಟು ಚಂದದ ಮಧ್ಯಾಹ್ನ ಆ ಇಬ್ಬರಿಗೆ ಮಾತ್ರ ಯಮಯಾತನೆ.

ಬೆಂಚಿನ ಮೇಲೆ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಅವನು ತನ್ನ ಉಪ್ಪಿಲ್ಲದ ಸೂಪಿನ ಕಥೆ ತೆಗೆದ. ಒಬ್ಬ ದೊಡ್ಡ ಅಧಿಕಾರಿಗೆ ಉಪ್ಪು ಹಾಕದ ಸೂಪು ಕೊಟ್ಟು, ಅವನು ಅದನ್ನೇ ಹೊಗಳಿ ಬರೆದ ಕಥೆ. ಅವಳು ಅದನ್ನು ಮೊದಲೇ ಮೂರು ಸಲ ಕೇಳಿದ್ದಳು, ಆದರೆ ಅರ್ಧ ನಿಮಿಷದ ಕಥೆಯಾಗಿ. ಇವತ್ತು ಅದು ಇಪ್ಪತ್ತು ನಿಮಿಷ ನಡೆಯಿತು. ಅಧಿಕಾರಿಯ ಮೀಸೆಯೇ ಐದು ನಿಮಿಷ ತೆಗೆದುಕೊಂಡಿತು. ನಡುನಡುವೆ ಅವನು ಬೆರಳಿನ ನೆಟಿಗೆ ಮುರಿಯುತ್ತಾನೆ ಎಂಬುದೂ ಅವಳಿಗೆ ಈಗ ಗೊತ್ತಾಯಿತು. ಹತ್ತೂ ಬೆರಳು, ಒಂದನ್ನೂ ಬಿಡದೆ.

ಕಥೆ ಮುಗಿಯಿತು. ಈಗ ಅವಳ ಸರದಿ. ಅವಳು ಬಾಯಿ ತೆರೆದಳು, ಒಳಗೆ ಏನೂ ಇರಲಿಲ್ಲ. ಕಂಠಪಾಠ ಮಾಡಿದ ಆ ಒಂದು ನಿಮಿಷದ ಮಾತಿತ್ತು ನಿಜ, ಆದರೆ ಅದು ಸೀಟಿ ಊದಿದ ಮೇಲೆ ಹೇಳುವ ಮಾತು. ಸೀಟಿಯಿಲ್ಲದೆ ಅದು ಗಂಟಲಿಂದ ಮೇಲೆ ಏಳುವುದೇ ಇಲ್ಲ. ಅವನೂ ಕೇಳಲಿಲ್ಲ. ಅವನೂ ಸೀಟಿಗೇ ಕಾಯುತ್ತಿದ್ದ ಎಂದು ಅವಳಿಗೆ ಗೊತ್ತು. ಕೈಯಲ್ಲಿ ಗಂಟೆಗಟ್ಟಲೆ ಹೊತ್ತು ಇಟ್ಟುಕೊಂಡು ಇಬ್ಬರೂ ಕೊನೆಯ ಒಂದು ನಿಮಿಷಕ್ಕೆ ಕಾಯುತ್ತ ಕೂತರು. ಎಂಥ ಬೆಪ್ಪುತಕ್ಕಡಿಗಳು ಅಂತ ನೀವು ನಗಬಹುದು. ಆರು ವರ್ಷ ನಾಲ್ಕು ನಿಮಿಷದಲ್ಲಿ ಬದುಕಿದವರ ಕಷ್ಟ ಅವರಿಗೇ ಗೊತ್ತು.

ಸುಮ್ಮನೆ ಕೂರಲಾರದೆ ಅವಳು ಎದ್ದಳು. "ಚಾದರ ಮಡಚೋದಿದೆ."

"ನಾನೂ ಬರ್ತೀನಿ, ನಡೀರಿ."

ಅವಳ ಬೋಗಿಯ ಬಾಗಿಲಲ್ಲಿ ಚಾದರದ ಎರಡು ತುದಿ ಅವಳು, ಎರಡು ತುದಿ ಅವನು ಹಿಡಿದರು. ಅವನು ಚಪಾತಿ ಮಡಚಿದ ಹಾಗೆ ಚಾದರ ಮಡಚಿದ. ಮೂಲೆಗೆ ಮೂಲೆ ಕೂಡಲಿಲ್ಲ. ನಾಲ್ಕು ಚಾದರ ಹಾಗೇ ಆಯಿತು. ಅವಳು ಒಂದೊಂದನ್ನೂ ಅವನ ಕಣ್ಣೆದುರೇ ಬಿಚ್ಚಿ ತಾನೇ ಸರಿಯಾಗಿ ಮಡಚಿದಳು.

"ಬಿಚ್ಚಿಬಿಟ್ರಲ್ಲ," ಅಂದ ಅವನು.

ಅವಳು ಐದನೆಯದನ್ನು ಬಿಚ್ಚಿದಳು.

"ಹೀಗೆ ಮಾಡಿ ಅಂತ ಬಾಯಿಬಿಟ್ಟು ಹೇಳಿದ್ರೆ ಕಲೀತಿದ್ದೆ. ನಾನೇನು ಕಲ್ಲಾ? ಒಂದು ಮಾತಾದ್ರೂ ಆಡಿ."

ಇಷ್ಟು ಹೊತ್ತು ಹೇಗೋ ಇದ್ದವಳಿಗೆ ಆ ಮಾತು ನೇರ ಹೋಗಿ ನಾಟಿತು. ಒಂದು ಮಾತಾದರೂ ಆಡು. ಹನ್ನೊಂದು ತಿಂಗಳು ಕೇಳಿದ ಮಾತು. "ನಿಮ್ಮ ನೆಟಿಗೆ ಶಬ್ದಕ್ಕಿಂತ ನನ್ನ ಸುಮ್ಮನಿರೋದೇ ವಾಸಿ," ಅಂದುಬಿಟ್ಟಳು.

ಅವನ ಮುಖ ಇಳಿಯಿತು. ಕೈಯಲ್ಲಿದ್ದ ಚಾದರದ ತುದಿಯನ್ನು ಜೋಪಾನವಾಗಿ ಅವಳ ಕೈಗಿಟ್ಟು, ಪ್ಲಾಟ್‌ಫಾರ್ಮು ದಾಟಿ ತನ್ನ ಬೋಗಿ ಹತ್ತಿಬಿಟ್ಟ.

ಅವಳು ಗಡಿಯಾರ ನೋಡಿದಳು. ರೈಲು ನಿಂತು ಒಂದು ಗಂಟೆ ಐದು ನಿಮಿಷವಾಗಿತ್ತು. ಹನ್ನೊಂದು ತಿಂಗಳೂ ಬೇಕಾಗಲಿಲ್ಲ. ತಾನು ಅಂದುಕೊಂಡಿದ್ದೇ ಸರಿಯಾಯಿತಲ್ಲ ಎಂದು ಹಾಸಿಗೆಗಳ ನಡುವೆ ನಿಂತು ಸಮಾಧಾನ ಮಾಡಿಕೊಳ್ಳಲು ನೋಡಿದಳು. ಸಮಾಧಾನ ಬರಲಿಲ್ಲ, ಅಳು ಬಂತು. ದಿಂಬಿನ ಚೀಲದಲ್ಲಿ ಮುಖ ಒರೆಸಿಕೊಂಡಳು. ಖಾಲಿ ಬೋಗಿಯ ಆ ಕಡೆಯ ಕಿಟಕಿಗಳಲ್ಲಿ ಕಡಲು ಇದ್ದ ಹಾಗೇ ಇತ್ತು, ದೂರದಲ್ಲಿ ನಗುವ ಜನರ ದನಿ ಬೇರೆ ಯಾವುದೋ ಲೋಕದಿಂದ ಬಂದ ಹಾಗೆ ಬರುತ್ತಿತ್ತು.

ಮೂರು ಗಂಟೆಗೆ ಆ ಲೋಕಕ್ಕೆ ಹಸಿವಾಯಿತು. ಮರಳಿನಿಂದ ಮಕ್ಕಳು ಅಳುತ್ತ ಬಂದರು, ಹಿಂದೆಯೇ ದೊಡ್ಡವರು ಬಂದರು. ಸ್ಟೇಷನ್ನಿನಲ್ಲಿ ಒಂದು ಬಿಸ್ಕತ್ತೂ ಇಲ್ಲ. ಸ್ಟೇಷನ್ ಮಾಸ್ಟರ್ ಅಡುಗೆ ಬೋಗಿಯ ಕಿಟಕಿಯ ಕೆಳಗೆ ನಿಂತು, "ಎರಡು ಗಾಡಿ ಜನಕ್ಕೂ ಏನಾದ್ರೂ ಮಾಡಿ ಮಾರಾಯ್ರೇ," ಎಂದು ಗೋಗರೆಯುವುದು ಅವಳಿಗೆ ಕೇಳಿಸಿತು. ಒಳಗಿಂದ ಅಡುಗೆಯವನ ದನಿ: "ಆಲೂಗಡ್ಡೆ ಇದೆ, ಈರುಳ್ಳಿ ಇದೆ, ಬ್ರೆಡ್ ಇದೆ. ಕೈ ಇಲ್ಲ. ನಮ್ಮ ನಿದ್ದೆಬುರುಕ ಎಲ್ಲಿ ಬಿದ್ಕೊಂಡಿದ್ದಾನೋ."

ಹಾಸಿಗೆಯಕ್ಕ ಕೈ ತೊಳೆದುಕೊಂಡು ಹೋಗಿ ಅಡುಗೆ ಬೋಗಿಯ ಮೆಟ್ಟಿಲು ಹತ್ತಿದಳು. ಅವನು ತಿರುಗಿ ನೋಡಿದ. ಬನ್ನಿ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಅವಳು ಗೂಟದಲ್ಲಿದ್ದ ಏಪ್ರನ್ ತೆಗೆದು ಕಟ್ಟಿಕೊಂಡು ಆಲೂಗಡ್ಡೆಯ ಮೂಟೆಯ ಮುಂದೆ ಕೂತಳು.

ರೈಲಿನ ಅಡುಗೆಮನೆ ಅಂದರೆ ಒಂದೂವರೆ ಜನ ನಿಲ್ಲುವಷ್ಟು ಅಗಲದ ಓಣಿ. ಒಂದು ಕಡೆ ಒಲೆ, ಒಂದು ಕಡೆ ಕಟ್ಟೆ, ತಲೆಯ ಮೇಲೆ ಸರಪಳಿ ಹಾಕಿದ ಪಾತ್ರೆಗಳು. ಮೊದಲು ಎರಡು ಸಲ ಡಿಕ್ಕಿ ಹೊಡೆದುಕೊಂಡರು. ಆಮೇಲೆ ಹೊಡೆದುಕೊಳ್ಳಲಿಲ್ಲ. ಅವನು ದೊಡ್ಡ ಪಾತ್ರೆ ಎತ್ತಿದಾಗ ಅವಳು ಗೋಡೆಗೆ ಒತ್ತಿ ನಿಂತಿರುತ್ತಿದ್ದಳು. ಅವಳು ಸಿಪ್ಪೆ ಎಸೆಯಲು ತಿರುಗಿದಾಗ ಬುಟ್ಟಿ ಕಾಲ ಹತ್ತಿರ ಬಂದಿರುತ್ತಿತ್ತು. ಈರುಳ್ಳಿಗೆ ಇಬ್ಬರ ಕಣ್ಣಲ್ಲೂ ನೀರು, ಯಾರದು ಯಾಕೆ ಎಂದು ವಿಚಾರಿಸುವ ಗೋಜೇ ಇರಲಿಲ್ಲ. ಆವಿ ಏರಿ ಕಿಟಕಿ ಮಸುಕಾಯಿತು. ಹೊರಗಿನ ಕಡಲು, ಜನ, ಗಡಿಯಾರ ಎಲ್ಲ ಕರಗಿ ಬರೀ ಬೆಳಕಾಯಿತು. ರೈಲು ನಿಂತೇ ಇತ್ತು, ಆದರೂ ಅವಳಿಗೆ ಅದು ಎಲ್ಲಿಗೋ ಮೆತ್ತಗೆ ಹೋಗುತ್ತಿದೆ ಅನ್ನಿಸುತ್ತಿತ್ತು. ಒಲೆಯ ಮೇಲೆ ಬಗ್ಗಿದ್ದ ಅವನು ಒಮ್ಮೆ ಹಿಂದಕ್ಕೆ ಕೈ ಚಾಚಿದ, ನೋಡದೆ. ಅವಳು ಉಪ್ಪಿನ ಡಬ್ಬಿಯನ್ನು ಆ ಕೈಯಲ್ಲಿಟ್ಟಳು, ಅವಳೂ ನೋಡದೆ. ಉಪ್ಪೇ ಬೇಕೆಂದು ಹೇಗೆ ತಿಳಿಯಿತೋ ಅವಳಿಗೇ ಗೊತ್ತಿಲ್ಲ.

ಬಡಿಸುವಾಗ ತಟ್ಟೆ ಸಾಲದೆ ಹಳೆಯ ವೇಳಾಪಟ್ಟಿಯ ಹಾಳೆಗಳನ್ನು ಹರಿದು ಕೊಟ್ಟರು. ಜನ ಪ್ಲಾಟ್‌ಫಾರ್ಮಿನ ಮೇಲೆ ಸಾಲಾಗಿ ಕೂತು, ಯಾವ ರೈಲಿನವರು ಯಾರೆಂದು ಮರೆತು ಉಂಡರು. ದಕ್ಷಿಣದ ರೈಲಿನ ಒಬ್ಬ ಅಜ್ಜಿ ಎರಡನೇ ಸಲ ಕೈ ಒಡ್ಡಿ, "ನಿನ್ನ ಗಂಡನ ಕೈರುಚಿ ಚೆನ್ನಾಗಿದೆ ಕಣಮ್ಮ," ಅಂದಳು.

"ನನ್ನ ಗಂಡ ಅಲ್ಲ ಅಜ್ಜಿ."

"ಮತ್ತೆ ಯಾರು?"

ಅಡುಗೆಯವನು ಅಲ್ಲೇ ಬ್ರೆಡ್ ಹಂಚುತ್ತಿದ್ದ. ಅವನ ಕೈ ಒಂದು ಗಳಿಗೆ ನಿಂತಿತು. ಹಾಸಿಗೆಯಕ್ಕ ಅಜ್ಜಿಯ ಹಾಳೆಗೆ ಇನ್ನೊಂದು ಸೌಟು ಹಾಕಿ ಮುಂದೆ ಹೋದಳು.

ಎಲ್ಲ ಮುಗಿದು ಅಡುಗೆ ಬೋಗಿಯ ಮೆಟ್ಟಿಲ ಮೇಲೆ, ಅವನು ಮೇಲಿನದರಲ್ಲಿ ಅವಳು ಕೆಳಗಿನದರಲ್ಲಿ ಕೂತು, ತಳದಲ್ಲಿ ಉಳಿದದ್ದನ್ನು ಒಂದೇ ಪಾತ್ರೆಯಿಂದ ತಿಂದರು. ಆಗ ಅವಳಿಗೆ ಅರಿವಾಯಿತು. ಮೂರು ಗಂಟೆಗೆ ಮೆಟ್ಟಿಲು ಹತ್ತಿದವಳು, ಈಗ ಐದಾಗುತ್ತ ಬಂದಿದೆ. ಎರಡು ಗಂಟೆ ಹೊತ್ತು ಇಬ್ಬರೂ ಒಬ್ಬರಿಗೊಬ್ಬರು ಒಂದೇ ಒಂದು ಮಾತೂ ಆಡಿಲ್ಲ. ಅವನು ಬೆರಳಿನ ನೆಟಿಗೆಯನ್ನೂ ಮುರಿದಿಲ್ಲ. ಅಷ್ಟು ಹೊತ್ತು ಆ ಓಣಿಯಲ್ಲಿ ಯಾರೂ ಇಲ್ಲದ ಹಾಗೆ ಇರಲೇ ಇಲ್ಲ. ಅವಳಿದ್ದಳು. ಅವನಿಗೆ ಅವಳಿದ್ದದ್ದು ಗೊತ್ತಿತ್ತು.

ತಿರುಗಿ ಅವನ ಮುಖ ನೋಡಬೇಕೆನ್ನಿಸಿತು, ಧೈರ್ಯ ಸಾಲಲಿಲ್ಲ. ಕಂಠಪಾಠ ಮಾಡಿದ್ದು ನೆನಪಿದೆಯೇ ಎಂದು ಮನಸ್ಸಿನಲ್ಲೇ ಹುಡುಕಿದಳು. ಇತ್ತು, ಅಕ್ಷರ ತಪ್ಪದೆ ಇತ್ತು. ಆದರೆ ಬೇರೆ ಯಾರೋ ಬರೆದುಕೊಟ್ಟ ಚೀಟಿ ಓದಿದ ಹಾಗಿತ್ತು.

"ಆಗ ಹಾಗಂದಿದ್ದು ತಪ್ಪಾಯ್ತು," ಅಂದ ಅವನು ಹಿಂದಿನಿಂದ.

"ನಂದೂ," ಅಂದಳು.

ಅಷ್ಟರಲ್ಲಿ ಸ್ಟೇಷನ್ನಿನ ಗಂಟೆ ಬಡಿಯಿತು. ಕೇಬಲ್ಲು ಜೋಡಿಸಿಯಾಗಿತ್ತು. ಸ್ಟೇಷನ್ ಮಾಸ್ಟರ್ ಮರಳಿನವರೆಗೂ ಓಡಿ ಜನರನ್ನು ಕುರಿಮಂದೆಯಂತೆ ಅಟ್ಟಿಕೊಂಡು ಬಂದ. ಹಾಸಿಗೆಯಕ್ಕನ ಕೆಲಸ ತಲೆಯ ಮೇಲೆ ಬಿತ್ತು: ಅರುವತ್ನಾಲ್ಕು ಮಂದಿಯನ್ನು ಎಣಿಸಬೇಕು, ಕಾಲಿನ ಮರಳು ಚಾದರಕ್ಕೆ ಹತ್ತದ ಹಾಗೆ ನೋಡಬೇಕು, ದಾರಿ ತಪ್ಪಿ ತಮ್ಮ ರೈಲು ಹತ್ತಿದ ದಕ್ಷಿಣದವರನ್ನು ಇಳಿಸಬೇಕು. ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದಳು. "ಎಣಿಸಿ ಬರ್ತೀನಿ," ಅಂದಳು.

"ಬನ್ನಿ. ಸೀಟಿಗೆ ಇನ್ನೂ ಹೊತ್ತಿದೆ," ಅಂದ.

ಹೇಳುವುದು ಸೀಟಿಯ ಮೇಲೆ. ಇಬ್ಬರ ಮನಸ್ಸಿನಲ್ಲೂ ಅದೇ ಇತ್ತು. ಮೊದಲ ಸೀಟಿ ಆಗುತ್ತದೆ, ಆಮೇಲೆ ಒಂದು ನಿಮಿಷ ಇರುತ್ತದೆ, ಆಗ ಹೋಗಿ ಹೇಳಿದರಾಯಿತು. ಆರು ವರ್ಷ ಹಾಗೇ ನಡೆದಿದೆ, ಇವತ್ತೇನು ತಪ್ಪುತ್ತದೆ? ಅವಳು ಎಣಿಸುತ್ತ ಹೋದಳು. ಅರುವತ್ತೊಂದು, ಅರುವತ್ತೆರಡು. ಒಬ್ಬ ಮುದುಕ ಚಪ್ಪಲಿ ಕಾಣೆ ಎಂದು ಹಾಸಿಗೆಯ ಕೆಳಗೆ ತೂರಿದ್ದ, ಅವನನ್ನು ಎಳೆದು ಕೂರಿಸಿದಳು. ಅರುವತ್ಮೂರು. ಅರುವತ್ನಾಲ್ಕು.

ಸೀಟಿ ಕೇಳಿಸಿತು. ಅವಳು ಬಾಗಿಲಿಗೆ ಬಂದಳು, ಒಂದು ಕಾಲು ಮೆಟ್ಟಿಲಿಗಿಟ್ಟಳು. ನೆಲ ಸರಿಯಿತು.

ನಾಲ್ಕು ಗಂಟೆ ತಡವಾದ ರೈಲಿಗೆ ಯಾವ ಗಾರ್ಡು ತಾನೇ ಎರಡು ಸೀಟಿ ಊದುತ್ತಾನೆ? ಎರಡೂ ರೈಲಿನವರು ಒಂದೊಂದೇ ಊದಿ ಬಾವುಟ ಬೀಸಿದ್ದರು. ಉತ್ತರದ್ದು ಉತ್ತರಕ್ಕೆ, ದಕ್ಷಿಣದ್ದು ದಕ್ಷಿಣಕ್ಕೆ, ಎರಡೂ ಒಟ್ಟಿಗೇ ಹೊರಟಿದ್ದವು.

ಇಳಿಯಲು ಟಿಕೆಟ್ ತಪಾಸಣೆಯವನು ಬಿಡಲಿಲ್ಲ, ರಟ್ಟೆ ಹಿಡಿದು, "ಏನ್ರಕ್ಕ, ಸಾಯ್ಬೇಕು ಅಂತ ಇದೀರಾ," ಎಂದು ಗದರಿದ. ಅವಳು ಕಂಬಿ ಹಿಡಿದು ಮುಂದಕ್ಕೆ ಬಾಗಿದಳು. ಮೂರು ಬೋಗಿ ಮುಂದೆ ಇದ್ದ ಅಡುಗೆ ಬೋಗಿ ಈಗ ಅವಳ ಕಡೆಗೇ ಬರುತ್ತಿತ್ತು. ಎರಡು ಬೋಗಿ. ಒಂದು. ಅವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ, ಕೈಯಲ್ಲಿ ಇನ್ನೂ ಪಾತ್ರೆ ತಿಕ್ಕುವ ನೊರೆ. ಅವನು ಏನೂ ಕೇಳಲಿಲ್ಲ, ಕೇಳಲು ಹೊತ್ತೂ ಇರಲಿಲ್ಲ. ಅವನ ಇಡೀ ಮುಖವೇ ಆ ಪ್ರಶ್ನೆಯಾಗಿತ್ತು.

ಇದ್ದದ್ದು ಎರಡೋ ಮೂರೋ ಸೆಕೆಂಡು. ಬೇಡ ಅನ್ನಬೇಕಾದರೆ ಕಾರಣ ಹೇಳಬೇಕು, ಗಂಡನ ಕಥೆ, ಭಯದ ಕಥೆ, ನಿಮ್ಮ ಮೇಲೆ ನನಗೇನೂ ಬೇಸರವಿಲ್ಲ ಅನ್ನುವ ಸಮಾಧಾನ, ಎಲ್ಲ ಸೇರಿ ಅದಕ್ಕೆ ಪೂರ್ತಿ ಒಂದು ನಿಮಿಷ ಬೇಕು. ಅವಳು ಅದನ್ನು ಹುಡುಕಲೂ ಹೋಗಲಿಲ್ಲ. ಅವನ ಕಿಟಕಿ ತನ್ನ ನೇರಕ್ಕೆ ಬಂದಾಗ ತಲೆಯಾಡಿಸಿದಳು. ಮೇಲಕ್ಕೆ ಕೆಳಕ್ಕೆ, ಮೇಲಕ್ಕೆ ಕೆಳಕ್ಕೆ, ಎಲ್ಲಿ ಕಾಣದೆ ಹೋಗುತ್ತದೋ ಎಂದು ಇಡೀ ಮೈಯಿಂದ. ಅವನ ಬಾಯಿ ತೆರೆದುಕೊಂಡಿತು. ನೊರೆಯ ಕೈಯನ್ನೇ ತಲೆಯ ಮೇಲಿಟ್ಟುಕೊಂಡ. ಬಾಚಿದ ಕೂದಲೆಲ್ಲ ಸಾಬೂನಾಯಿತು. ಅಷ್ಟರಲ್ಲಿ ದಾಟಿಹೋದ.

ಅವಳಿಗೆ ತಲೆಯಾಡಿಸುವುದನ್ನು ನಿಲ್ಲಿಸಲು ಆಗಲಿಲ್ಲ. ಅವನ ಬೋಗಿಯ ಹಿಂದೆ ಇನ್ನೂ ಆರು ಬೋಗಿ ಇದ್ದವು, ಮಧ್ಯಾಹ್ನ ಅವಳ ಕೈಯಲ್ಲಿ ಉಂಡ ಜನವೆಲ್ಲ ಆ ಕಿಟಕಿಗಳಲ್ಲಿ ಕೂತಿದ್ದರು. ಬಡಿಸಿದ ಹೆಂಗಸು ಬಾಗಿಲಲ್ಲಿ ನಿಂತು ತಮಗೇ ಹೇಳುತ್ತಿದ್ದಾಳೆ ಅಂದುಕೊಂಡು ಮೊದಲ ಕಿಟಕಿಯವನೂ ತಲೆಯಾಡಿಸಿದ. ಎರಡನೆಯವಳೂ ಆಡಿಸಿದಳು. ಮೂರನೆಯದರಲ್ಲಿ ಒಂದು ಮಗುವನ್ನು ಎತ್ತಿ ಹಿಡಿದು ಆಡಿಸಿದರು. ಕಚೇರಿಯ ಸಾಹೇಬನೂ ಆಡಿಸಿದ, ಅಜ್ಜಿಯೂ ಆಡಿಸಿದಳು. ಆರು ಬೋಗಿಯ ಮಂದಿ ಒಬ್ಬರೂ ಬಿಡದೆ ಹೂಂ, ಹೂಂ ಎಂದು ಅವಳಿಗೆ ತಲೆಯಾಡಿಸುತ್ತ ದಕ್ಷಿಣಕ್ಕೆ ಹೋದರು. ಅವಳು ಕಂಬಿ ಹಿಡಿದು, ಕಣ್ಣೀರು ಒರೆಸಿಕೊಳ್ಳದೆ, ಕೊನೆಯ ಕಿಟಕಿಯವರೆಗೂ ಎಲ್ಲರಿಗೂ ಒಪ್ಪಿಗೆ ಕೊಟ್ಟಳು.